ಮಬಿಜೇಲನ ಹೆಸರಿಗೆ ಬಿದ್ದ ಕೊಕ್ಕೆ

ಎಲಿಯಾಸ್ ಮಬಿಜೇಲನ ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡು ಎಲ್ಲಿ ಹೋದವು ಎಂದು ಯಾರಾದರೂ ಕೇಳಿದರೆ, "ಕಲಿಯೋಕೆ ಫೀಸು ಕಟ್ಟಿದೀನಿ" ಅನ್ನುತ್ತಿದ್ದ. ಫೀಸು ವಸೂಲು ಮಾಡಿದ ರೀತಿ ಹೀಗೆ. ಇಪ್ಪತ್ತೇಳು ವರ್ಷದ ಹಿಂದೆ ಜರ್ಮಿಸ್ಟನ್ನಿನ ಹೆದ್ದಾರಿಯಲ್ಲಿ ಒಂದು ಕಾರು ಮಗುಚಿ ಬಿದ್ದಿತ್ತು. ಅದಕ್ಕೆ, ಕೆಟ್ಟ ಗಾಡಿ ಎಳೆದೊಯ್ಯುವ ಬೇರೊಬ್ಬ ಟೋ ಲಾರಿಯವನು ಆಗಲೇ ಕೊಕ್ಕೆ ಸಿಗಿಸಿದ್ದ. ಎಲಿಯಾಸ್ ಆಗ ಕಸುಬಿಗೆ ಹೊಸಬ, ಮೈಯೆಲ್ಲ ಸೊಕ್ಕು. ಆ ಕೊಕ್ಕೆಯನ್ನು ಕಿತ್ತೆಸೆದು ತನ್ನದನ್ನು ಹಾಕಿದ. ನಾಲ್ಕು ಜನ ಅವನನ್ನು ನೆಲಕ್ಕೆ ಕೆಡವಿ, ಎಡಗೈಯನ್ನು ಬಂಪರಿನ ಮೇಲಿಟ್ಟು, ಅದರ ಮೇಲೆ ಸರಪಳಿ ಸುತ್ತಿ, ಲಾರಿಯ ಎಳೆಯುವ ರಾಟೆ, ಅಂದರೆ ವಿಂಚ್, ತಿರುಗಿಸಿದರು. ಎರಡು ಬೆರಳು ಅಲ್ಲೇ ಉಳಿದವು.

ಆ ದಿನದಿಂದ ಅವನು ಬೇರೆಯವರ ಕೊಕ್ಕೆ ಮುಟ್ಟಿದವನಲ್ಲ. ಮೊದಲು ಕೊಕ್ಕೆ ಹಾಕಿದವನಿಗೇ ಗಾಡಿ. ಇದು ಆ ರಸ್ತೆಗಳ ಕಾನೂನು, ಪೊಲೀಸರೂ ಅದಕ್ಕೆ ಎದುರಾಡುವುದಿಲ್ಲ. ಪೆಟ್ರೋಲ್ ಬಂಕಿನ ಹಿಂದೆ ಲಾರಿ ನಿಲ್ಲಿಸಿಕೊಂಡು, ಅಪಘಾತದ ಸುದ್ದಿಗೆ ರೇಡಿಯೋಗೆ ಕಿವಿ ಕೊಟ್ಟು, ಎಣ್ಣೆಯಲ್ಲಿ ಕರಿದ ಮಗ್ವಿನ್ಯ ಜಗಿಯುತ್ತಾ ಕಾಯುವ ಚಾಲಕರಿಗೆಲ್ಲ ಎಲಿಯಾಸನ ಒಂದು ಮಾತು ಬಾಯಿಪಾಠವಾಗಿತ್ತು: "ಕೊಕ್ಕೆ ಮೊದಲು, ಮಾತು ಆಮೇಲೆ." ಗಾಡಿ ಯಾರದು, ಒಳಗೆ ಯಾರು, ತಪ್ಪು ಯಾರದು ಎಂದು ಕೇಳುತ್ತಾ ನಿಂತರೆ ಇನ್ನೊಬ್ಬ ಬಂದು ಸಿಗಿಸಿಬಿಡುತ್ತಾನೆ. ಆಮೇಲೆ ಬಾಯಿ ಬಾಯಿ ಬಡಿದುಕೊಂಡರೇನು ಬಂತು?

ಈ ಮಾತನ್ನು ಅವನು ತಂಗಿ ತೊಕೋಝಿಲೆಯ ಮಗ ಝ್ವೆಲಿಗೂ ಕಲಿಸಿದ. ಅಪ್ಪನಿಲ್ಲದ ಹುಡುಗ. ಎಲಿಯಾಸನ ಮನೆಯಲ್ಲೇ ಉಂಡು, ಎಲಿಯಾಸನ ಮಗಳು ನಂದಿಫಾಳ ಜೊತೆಯಲ್ಲೇ ಜಗಳವಾಡಿ ಬೆಳೆದವನು. ಸೋದರಮಾವನನ್ನು ಅಲ್ಲಿ ಮಾಲುಮೆ ಅನ್ನುತ್ತಾರೆ. ಝ್ವೆಲಿಯ ಬಾಯಲ್ಲಿ ದಿನಕ್ಕೆ ನೂರು ಸಲ ಮಾಲುಮೆ. ಎಲಿಯಾಸ್ ಅವನನ್ನು ಯಾರ್ಡಿನಲ್ಲಿ ನಿಲ್ಲಿಸಿ, ಕೈಯಲ್ಲಿ ಗಡಿಯಾರ ಹಿಡಿದು, ಲಾರಿಯಿಂದ ಹಾರಿ ಕೊಕ್ಕೆ ಸಿಗಿಸಿ ವಿಂಚಿನ ಹಿಡಿಗೆ ಕೈ ಹಾಕುವವರೆಗೆ ಎಣಿಸುತ್ತಿದ್ದ.

"ಐವತ್ತು ಸೆಕೆಂಡು! ಹೆಣ ಎತ್ತೋಕೆ ಹೋಗಿದೀಯೇನೋ? ಇನ್ನೊಂದ್ ಸಲ!"

"ಮಾಲುಮೆ, ಒಳಗೆ ಜನ ಇದ್ರೆ?"

"ಜನ ನೋಡ್ಕೊಳ್ಳೋಕೆ ಆಂಬುಲೆನ್ಸ್ ಇದೆ. ನೀನು ಗಾಡಿ ನೋಡು."

ಹುಡುಗ ಮೂವತ್ತು ಸೆಕೆಂಡಿಗೆ ಬಂದ. ಎಲಿಯಾಸ್ ಎದೆಯುಬ್ಬಿಸಿ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಎರಡು ವರ್ಷವಾಗುತ್ತಲೇ ಕಾಗಿಸೊ ತ್ಲಾಡಿ ಎಂಬವನು ಝ್ವೆಲಿಗೆ ಹೊಚ್ಚ ಹೊಸ ಲಾರಿಯ ಕೀಲಿ ತೋರಿಸಿದ. ಹುಡುಗ ಕಣ್ಣೀರು ಹಾಕಿಕೊಂಡು ಹೋದ, ಆದರೂ ಹೋದ. ತ್ಲಾಡಿಗೆ ಹನ್ನೊಂದು ಲಾರಿ, ಸೊಂಟದಲ್ಲಿ ಪಿಸ್ತೂಲು, ಬಾಯಲ್ಲಿ ಸದಾ ಬೆಣ್ಣೆ ಮಾತು.

ಎಲಿಯಾಸನಿಗೆ ಇದ್ದದ್ದು ಒಂದು ಹಳೇ ಲಾರಿ ಮತ್ತು ಒಂದು ಹೆಸರು. ಲಾರಿಯ ಬಾಗಿಲ ಮೇಲೆ ಕೆಂಪಕ್ಷರದಲ್ಲಿ "ಮಬಿಜೇಲ ಮತ್ತು ಮಗಳು" ಎಂದು ಬರೆಸಿದ್ದ. ಎಳೆದು ತಂದ ಗಾಡಿಯ ಸೀಟಿನ ಮೇಲೆ ಚೀಲ ಸಿಕ್ಕರೆ ಚೀಲ, ಮಗುವಿನ ಷೂ ಸಿಕ್ಕರೆ ಷೂ, ಮನೆಗೇ ಮುಟ್ಟಿಸಿ ಬರುವವನು. "ಗಾಡಿ ಕೆಟ್ಟರೆ ಮಬಿಜೇಲನ್ನ ಕರೀರಿ" ಎಂದು ಅವನ ಊರು ಕಟ್ಲೆಹಾಂಗಿನ ಜನ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಬೇರೆ ಆಸ್ತಿ ಏನೂ ಇರಲಿಲ್ಲ.

ಕಾಲ ಬದಲಾಯಿತು. ಗಾಡಿ ಕೆಟ್ಟವರು ಈಗ ಫೋನ್ ತೆಗೆದು ಹುಡುಕುತ್ತಾರೆ, ಮೊದಲು ಕಂಡ ಸಾಲಿಗೆ ಬೆರಳು ಒತ್ತುತ್ತಾರೆ. ನಂದಿಫಾ ಓದಿದವಳು, ಒಂದು ಹಳೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವವಳು. ಅಪ್ಪನ ಹೆಸರಲ್ಲಿ ಒಂದು ಪುಟ ಮಾಡಿದಳು, ಲಾರಿಯ ಚಿತ್ರ ಹಾಕಿದಳು, ನಂಬರು ಹಾಕಿದಳು. ಮಬಿಜೇಲ ಎಂದು ಹುಡುಕಿದರೆ ಮಬಿಜೇಲನೇ ಬರುತ್ತಿದ್ದ. ಎಲಿಯಾಸ್ ದಿನಕ್ಕೆರಡು ಸಲ ತನ್ನ ಹೆಸರನ್ನು ತಾನೇ ಹುಡುಕಿ ನೋಡಿ ಖುಷಿಪಡುತ್ತಿದ್ದ. ನಗಬೇಡಿ, ನಿಮ್ಮ ಹೆಸರಿದ್ದರೆ ನೀವೂ ನೋಡುತ್ತಿದ್ದಿರಿ.

ಒಂದು ಬೆಳಿಗ್ಗೆ ನಿವೃತ್ತ ಶಾಲಾ ಮೇಷ್ಟ್ರಮ್ಮ ಒಬ್ಬರು ಕೊಡೆ ಹಿಡಿದು ಅವನ ಅಂಗಳಕ್ಕೆ ನುಗ್ಗಿದರು. ಬಂದವರೇ ಕೊಡೆಯಿಂದ ಅವನ ಭುಜಕ್ಕೆ ಒಂದು ಬಾರಿಸಿದರು. ಅವರ ಕೆಳದುಟಿ ಒಡೆದು ಊದಿತ್ತು.

"ನಾಚಿಕೆ ಆಗ್ಬೇಕು ನಿಂಗೆ! ನಿನ್ನ ಮಗಳಿಗೆ ಅಕ್ಷರ ಕಲಿಸಿದೋಳು ನಾನು! ನನ್ನ ಕಾರು ಬಿಡಲ್ಲ ಅಂತಾರೆ, ಕೇಳಿದ್ರೆ ಕಪಾಳಕ್ಕೆ ಹೊಡೀತಾರೆ ನಿನ್ನ ಆಳುಗಳು!"

"ಗೋಗೋ, ಅಜ್ಜೀ, ನಂಗೆ ಆಳೇ ಇಲ್ಲವಲ್ಲ! ನಿಮ್ಮ ಕಾರು ನಾನು ನೋಡೇ ಇಲ್ಲ!"

"ಸುಳ್ಳು ಬೇರೆ ಹೇಳ್ತೀಯಾ? ಮಬಿಜೇಲ ಅಂತ ಒತ್ತಿ ನಾನೇ ಫೋನ್ ಮಾಡಿದ್ದು. ಮಬಿಜೇಲನಾ ಅಂದೆ, ಹೂಂ ಅಂದ."

ನಂದಿಫಾ ಫೋನ್ ತೆಗೆದು ಅಪ್ಪನ ಹೆಸರು ಒತ್ತಿದಳು. ಎಲ್ಲಕ್ಕಿಂತ ಮೇಲೆ ಒಂದು ಸಾಲು: "ಮಬಿಜೇಲ ಬೇಕಾ? ನಾವೇ ಮೊದಲು ಬರುತ್ತೇವೆ." ಅದರ ಪಕ್ಕದಲ್ಲಿ "ಪ್ರಾಯೋಜಿತ" ಎಂದು ಇರುವೆಯಂಥ ಅಕ್ಷರ. ನಂಬರು ತ್ಲಾಡಿಯದು. ಅವರ ಸ್ವಂತ ಪುಟ ಕೆಳಗೆ, ಬೆರಳಿಂದ ಸರಿಸಿದರೆ ಮಾತ್ರ ಕಾಣುವ ಜಾಗಕ್ಕೆ ಹೋಗಿ ಕುಳಿತಿತ್ತು.

"ಇದು ಹೆಂಗೆ ಸಾಧ್ಯ? ನನ್ನ ಹೆಸರು ಕಣೇ ಅದು!"

"ದುಡ್ಡು ಕೊಟ್ರೆ ಯಾರ ಹೆಸರಿನ ಮೇಲೆ ಬೇಕಾದ್ರೂ ಕೂರ್ಬಹುದು ಬಾಬಾ. ಹುಡುಕೋ ಕಂಪನಿಗೆ ದೂರು ಬರೀತೀನಿ."

ಬರೆದಳು. ಮೂರು ದಿನ ಬಿಟ್ಟು ಉತ್ತರ ಬಂತು: ಪರಿಶೀಲಿಸಿದ್ದೇವೆ, ಯಾವ ನಿಯಮವೂ ಮುರಿದಿಲ್ಲ, ನಿಮ್ಮ ದಿನ ಶುಭವಾಗಲಿ. ಶುಭವಂತೆ! ಅಷ್ಟರಲ್ಲಿ ಚರ್ಚಿನಲ್ಲಿ ಎಲಿಯಾಸನ ಪಕ್ಕ ಕೂರುತ್ತಿದ್ದವರು ಒಂದು ಬೆಂಚು ಹಿಂದೆ ಸರಿದಿದ್ದರು. ಇನ್ನೊಬ್ಬನ ಹಲ್ಲು ಉದುರಿತ್ತು, ಮತ್ತೊಬ್ಬಳ ಕಾರು ಚಕ್ರವಿಲ್ಲದೆ ವಾಪಸು ಬಂದಿತ್ತು. ಎಲ್ಲರೂ ಶಪಿಸಿದ್ದು ಮಬಿಜೇಲನನ್ನೇ.

ಅವನು ಸೀದಾ ತ್ಲಾಡಿಯ ಯಾರ್ಡಿಗೆ ಹೋದ. ತ್ಲಾಡಿ ಕುರ್ಚಿ ಹಾಕಿಕೊಂಡು ಕಟ್ಟಿಗೆಯ ಕೆಂಡದ ಮೇಲೆ ಮಾಂಸ ಸುಡುತ್ತಿದ್ದ. ಝ್ವೆಲಿ ಲಾರಿ ಒರೆಸುತ್ತಿದ್ದವನು ಮಾವನನ್ನು ಕಂಡು ತಲೆ ತಗ್ಗಿಸಿದ.

"ನನ್ನ ಹೆಸರು ಬಿಡು ತ್ಲಾಡಿ."

"ಕೂತ್ಕೋ ಮುದುಕಪ್ಪ. ಮಾಂಸ ತಿನ್ನು."

"ಹೆಸರು ಬಿಡು ಅಂದೆ. ನನ್ನಪ್ಪನಿಂದ ಬಂದಿದ್ದು ಅದು."

ತ್ಲಾಡಿ ಬೆರಳು ನೆಕ್ಕಿಕೊಂಡ. "ರಸ್ತೇಲಿ ಮೊದಲು ಕೊಕ್ಕೆ ಹಾಕಿದೋನಿಗೆ ಗಾಡಿ. ಯಾರ ಕಾನೂನು ಇದು? ನೀನೇ ತಾನೆ ಊರಿಗೆಲ್ಲ ಪಾಠ ಹೇಳಿದ್ದು? ಈ ಫೋನೂ ಒಂದು ರಸ್ತೆನೇ. ನಿನ್ನ ಹೆಸರು ಅಲ್ಲಿ ದಿಕ್ಕಿಲ್ದೆ ಬಿದ್ದಿತ್ತು. ನಾನು ಮೊದಲು ಕೊಕ್ಕೆ ಹಾಕ್ದೆ, ಅಷ್ಟೇ. ಬೇರೆಯೋರ ಕೊಕ್ಕೆ ಕೀಳಬಾರ್ದು ಅಂತ ನಿನಗೆ ಗೊತ್ತಲ್ಲ? ಎಲ್ಲಿ, ಕೈ ತೋರ್ಸು."

ಸುತ್ತ ಇದ್ದವರು ಕಿಸಕ್ಕನೆ ನಕ್ಕರು. ಎಲಿಯಾಸ್ ಕೆಂಡದ ತಟ್ಟೆಯನ್ನು ಒದ್ದ. ಕೆಂಡ ತ್ಲಾಡಿಯ ತೊಡೆಯ ಮೇಲೆ ಬಿತ್ತು. ಆಮೇಲೆ ಐದು ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಕಬ್ಬಿಣದ ಸಲಾಕೆಯಿಂದ ಬೆನ್ನಿಗೆ ಕೊಟ್ಟರು, ಬೂಟುಗಾಲಲ್ಲಿ ಪಕ್ಕೆಗೆ ಒದ್ದರು. ಅವನ ಲಾರಿಯ ಮುಂದಿನ ಗಾಜು ಒಡೆದು ಪುಡಿ ಮಾಡಿದರು. ಎರಡು ಪಕ್ಕೆಲುಬು ಮುರಿಯಿತು. ರಕ್ತ ಉಗುಳುತ್ತಾ ನೆಲ ಕಚ್ಚಿದ್ದವನಿಗೆ ಝ್ವೆಲಿಯ ಬೂಟು ಕಾಣುತ್ತಿತ್ತು. ಆ ಬೂಟು ಮುಂದೆಯೂ ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ಏಟಿಗಿಂತ ಹೆಚ್ಚು ನೋಯಿಸಿದ್ದು ಅದೇ.

ಮನೆಯಲ್ಲಿ ನಂದಿಫಾ ಬಿಸಿನೀರಲ್ಲಿ ಬಟ್ಟೆ ಅದ್ದಿ ಅವನ ಬೆನ್ನು ಒರೆಸುತ್ತಾ ಹೇಳಿದಳು.

"ಬಾಬಾ, ನಾವೂ ಕೊಡೋಣ. ಅವನಿಗಿಂತ ಜಾಸ್ತಿ ಕೊಟ್ರೆ ನಾವು ಮೇಲೆ ಬರ್ತೀವಿ."

"ಯಾತಕ್ಕೆ ಕೊಡ್ಲಿ? ನನ್ನ ಹೆಸರಿಗೆ ನಾನೇ ಬಾಡಿಗೆ ಕಟ್ಟಲಾ?"

"ಹಠ ಮಾಡೋ ಹೊತ್ತಲ್ಲ ಇದು. ಜನ ಏಟು ತಿಂತಿದಾರೆ ನಿಮ್ಮ ಹೆಸರು ನಂಬ್ಕೊಂಡು."

"ನಾನು ಸತ್ರೂ ಕೊಡಲ್ಲ."

"ನೀವು ಸತ್ರೆ ಪರವಾಗಿಲ್ಲ. ಬೇರೆಯೋರು ಸತ್ರೆ?"

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮೂರು ವಾರದ ಮೇಲೆ, ನವೆಂಬರಿನ ಒಂದು ಮಧ್ಯಾಹ್ನ, ಆಕಾಶ ಹಸಿರುಗಪ್ಪಾಯಿತು. ಅಲ್ಲಿಯವರಿಗೆ ಅದರ ಅರ್ಥ ಗೊತ್ತು: ಆಲಿಕಲ್ಲು. ಟೋ ಲಾರಿಯವರಿಗೆ ಅದು ಸುಗ್ಗಿ. ಎಲಿಯಾಸ್ ಪಕ್ಕೆಗೆ ಬಟ್ಟೆ ಬಿಗಿದುಕೊಂಡು, ಹೊಸ ಗಾಜು ಹಾಕಿಸಿದ ಲಾರಿಯಲ್ಲಿ ಬಂಕಿನ ಹಿಂದೆ ಕಾದ. ರೇಡಿಯೋ ಗರಗರ ಎಂದಿತು: ಹೈಡೆಲ್‌ಬರ್ಗ್ ರಸ್ತೆ, ಒಂದು ಸಣ್ಣ ಕಾರು ನಿಂತಿದ್ದ ದೊಡ್ಡ ಲಾರಿಯ ಹಿಂಭಾಗದ ಅಡಿಗೆ ನುಗ್ಗಿದೆ. ಅವನು ಕೀಲಿ ತಿರುಗಿಸಿದ.

ಕಲ್ಲು ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಲಾರಿಯ ತಗಡಿನ ಕೆಳಗೆ ತನ್ನ ಕೆಮ್ಮು ತನಗೇ ಕೇಳಿಸುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ತ್ಲಾಡಿಯ ಹೊಸ ಲಾರಿ ಆಗಲೇ ಹಿಂದು ಮಾಡಿ ನಿಂತಿತ್ತು. ಕಾರಿನ ಮೂತಿ ದೊಡ್ಡ ಲಾರಿಯ ಅಡಿಯಲ್ಲಿ ಅಪ್ಪಚ್ಚಿಯಾಗಿತ್ತು, ಮೈಯೆಲ್ಲ ಆಲಿಕಲ್ಲು ಮುಚ್ಚಿ ಯಾವ ಬಣ್ಣ ಎಂದೂ ತಿಳಿಯುತ್ತಿರಲಿಲ್ಲ. ಹಿಂಬದಿಗೆ ಕೊಕ್ಕೆ ಬಿದ್ದಾಗಿತ್ತು, ಉಕ್ಕಿನ ಹಗ್ಗ ಬಿಗಿದಿತ್ತು.

ಕೊಕ್ಕೆ ಕಂಡಮೇಲೆ ಮುಗಿಯಿತು. ಎಲಿಯಾಸ್ ಒಂದು ಬೈಗುಳ ಉಗಿದು, ಲಾರಿಯನ್ನು ವಾಪಸು ತಿರುಗಿಸತೊಡಗಿದ. ಹೌದು, ತಿರುಗಿಸತೊಡಗಿದ. ಇಪ್ಪತ್ತೇಳು ವರ್ಷದ ಅಭ್ಯಾಸ ಅದು.

ಆಗ ತಲೆಯ ಮೇಲೆ ಪ್ಲಾಸ್ಟಿಕ್ ಬುಟ್ಟಿ ಹಿಡಿದ ಒಬ್ಬ ಹೆಂಗಸು ಓಡಿ ಬಂದು ಅವನ ಬಾಗಿಲನ್ನು ದಬದಬ ಬಡಿದಳು. ರಸ್ತೆ ಬದಿಯಲ್ಲಿ ಜೋಳದ ತೆನೆ ಸುಟ್ಟು ಮಾರುವ ಡಿಕೆಲೆದಿ ಆಕೆ. ಬಾಗಿಲ ಮೇಲಿನ ಕೆಂಪಕ್ಷರವನ್ನೂ ಅವನ ಮುಖವನ್ನೂ ನೋಡಿ ಕಿರುಚಿದಳು.

"ನೀನು ಮಬಿಜೇಲನಾ? ಹಂಗಾದ್ರೆ ಅವನ್ಯಾರು?"

"ಏನಮ್ಮಾ?"

"ಒಳಗೆ ಹುಡುಗಿ ಇದಾಳೆ! ಕಾಲು ಸಿಕ್ಕಾಕ್ಕೊಂಡಿದೆ! ಅವಳ ಫೋನು ಒಡೆದು ಹೋಗಿತ್ತು, ಮಬಿಜೇಲನ್ನ ಕರೀರಿ, ನಮ್ಮಪ್ಪ ಅಂದ್ಲು! ನಾನು ಹೆಸರು ಹುಡುಕಿ ಒತ್ತಿದೆ, ಮಬಿಜೇಲನಾ ಅಂದೆ, ಹೂಂ ಬಂದೆ ಅಂದ! ಅವನು ಬಂದೋನೇ ಎಳೀತಾ ಇದಾನೆ, ಜನ ಇದಾರೆ ಅಂದ್ರೆ ಕಿವಿಗೇ ಬೀಳ್ತಿಲ್ಲ!"

ಅಷ್ಟರಲ್ಲಿ ವಿಂಚ್ ಒಂದು ಸುತ್ತು ತಿರುಗಿತು. ಕಾರು ಒಂದು ಗೇಣು ಹಿಂದೆ ಬಂತು. ಒಳಗಿನಿಂದ ಬಂದ ಚೀರಾಟ ಅಷ್ಟು ಆಲಿಕಲ್ಲಿನ ಸದ್ದನ್ನೂ ಸೀಳಿಕೊಂಡು ಬಂತು. ಅದು ಯಾರ ಗಂಟಲು ಎಂದು ಅಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ಹೇಗೆ ಇಳಿದನೋ, ಹೇಗೆ ಓಡಿದನೋ. ಕಲ್ಲು ಬಡಿದು ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಕಾರಿನ ಹಿಂಬದಿಗೆ ಬಿದ್ದು ಮೂರು ಬೆರಳಿನ ಕೈಯಲ್ಲಿ ಕೊಕ್ಕೆ ಹಿಡಿದ. ಹಗ್ಗ ಬಿಗಿದಿತ್ತು, ಬಿಚ್ಚಲು ಬರಲಿಲ್ಲ.

ತ್ಲಾಡಿ ತನ್ನ ಕಾರಿನಿಂದ ಇಳಿದು ಬಂದ. ಸುಗ್ಗಿಯ ದಿನ ತನ್ನ ಲಾರಿಗಳ ಹಿಂದೆ ಅವನೇ ಕಾವಲು ಹೋಗುತ್ತಿದ್ದ. ಕೈಯಲ್ಲಿ ಪಿಸ್ತೂಲು ಹಿಡಿದಿದ್ದ.

"ಕೈ ತೆಗಿ ಮುದುಕ! ಯಾರ ಕೊಕ್ಕೆ ಅದು?"

"ಒಳಗೆ ನನ್ನ ಮಗಳಿದಾಳೆ ಕಣೋ!"

"ಕೊಕ್ಕೆ ಹಾಕೋದ್ರಲ್ಲಿ ಸೋತೋರೆಲ್ಲರ ಮಗಳೂ ಒಳಗೇ ಇರ್ತಾಳೆ. ಝ್ವೆಲಿ, ಎಳಿಯೋ!"

ಝ್ವೆಲಿಯ ಕೈ ವಿಂಚಿನ ಹಿಡಿಯ ಮೇಲಿತ್ತು.

"ಝ್ವೆಲಿ!" ಎಲಿಯಾಸ್ ಕೂಗಿದ. "ನಂದಿ ಕಣೋ! ಒಳಗಿರೋದು ನಮ್ಮ ನಂದಿ!"

ಆ ಹುಡುಗನ ಮುಖ ಹೇಗಾಯಿತು ಎಂದು ಹೇಳಲು ನನ್ನ ಕೈಲಾಗದು. ಅವನು ಹಿಡಿಯನ್ನು ಆಚೆ ನೂಕಿದ. ಉಕ್ಕಿನ ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಎಲಿಯಾಸ್ ಕೊಕ್ಕೆ ಕಿತ್ತ.

ತ್ಲಾಡಿ ಎಲಿಯಾಸನಿಗೆ ಗುಂಡು ಹೊಡೆಯಲಿಲ್ಲ. ಸುತ್ತಿ ಬಂದು, ತನ್ನ ಲಾರಿ ಓಡಿಸಿ, ತನ್ನ ಸಂಬಳ ತಿಂದು, ತನ್ನ ಮಾತನ್ನೇ ಮೀರಿದ ಝ್ವೆಲಿಯ ಎದೆಗೆ ಎರಡು ಸಲ ಹೊಡೆದ. ಹುಡುಗ ವಿಂಚಿಗೆ ಒರಗಿ ಹಾಗೇ ಕುಸಿದು ಕುಳಿತ. ತ್ಲಾಡಿ ತಿರುಗುವಷ್ಟರಲ್ಲಿ ಎಲಿಯಾಸ್ ಅವನ ಮೈಮೇಲಿದ್ದ. ಕೈಯಲ್ಲಿದ್ದ ಕೊಕ್ಕೆಯನ್ನೇ ಬೀಸಿದ. ಮೊದಲ ಏಟಿಗೆ ದವಡೆ ಮುರಿಯಿತು, ಎರಡನೆಯದಕ್ಕೆ ಹಲ್ಲುಗಳು ಆಲಿಕಲ್ಲಿನ ಜೊತೆ ಟಾರಿನ ಮೇಲೆ ಉರುಳಿದವು. ಬೆರಳಿನ ಮೇಲೆ ಮೂರನೆಯದು, ಪಿಸ್ತೂಲು ಎತ್ತಲೋ ಹಾರಿತು. ನಾಲ್ಕನೆಯದು, ಐದನೆಯದು. ಎಷ್ಟು ಹೊಡೆದನೋ ಅವನಿಗೇ ತಿಳಿಯದು. ಸಾಯಿಸಿಯೇ ಬಿಡುತ್ತಿದ್ದ. ಡಿಕೆಲೆದಿ ಅವನ ಅಂಗಿಯ ಕಾಲರು ಹಿಡಿದು ಜಗ್ಗಿದಳು.

"ಸಾಕು ಬಿಡೋ ಮಾರಾಯ! ಮಗಳು ಕರೀತಿದಾಳೆ ನಿನ್ನ!"

ಕೊಕ್ಕೆ ಕೈಯಿಂದ ಬಿತ್ತು. ಅವನು ಒಡೆದ ಕಿಟಕಿಯಲ್ಲಿ ತೋಳು ತೂರಿಸಿ ಮಗಳ ತಲೆ ಹಿಡಿದುಕೊಂಡ. ಅಗ್ನಿಶಾಮಕದವರು ಬಂದು ತಗಡು ಕತ್ತರಿಸುವವರೆಗೆ ನಲವತ್ತು ನಿಮಿಷ ಹಾಗೇ ನಿಂತಿದ್ದ.

"ಬಾಬಾ, ನೀವೇ ಬಂದ್ರಾ ಮೊದ್ಲು?" ಎಂದು ಅವಳು ಕೇಳಿದಳು.

"ಹೂಂ ಮಗಳೇ. ನಾನೇ ಬಂದೆ."

ಜೀವಮಾನದಲ್ಲಿ ಅವನು ಅವಳಿಗೆ ಹೇಳಿದ ಮೊದಲ ಸುಳ್ಳು.

ನಂದಿಫಾ ಉಳಿದಳು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಡಿಕ್ಕಿಯಲ್ಲಿ ಮೂಳೆ ಮುರಿದಿತ್ತು ಅಷ್ಟೇ, ಎಳೆದಾಗ ಬಾಗಿದ ಕಬ್ಬಿಣ ಅದನ್ನು ಕೊಯ್ದುಹಾಕಿತು ಎಂದು ವೈದ್ಯರು ವಿವರಿಸಿದರು. ಝ್ವೆಲಿ ಆಂಬುಲೆನ್ಸ್ ಬರುವ ಮೊದಲೇ ಸತ್ತಿದ್ದ. ತ್ಲಾಡಿ ದವಡೆಗೆ ತಂತಿ ಕಟ್ಟಿಸಿಕೊಂಡು, ಪೊಲೀಸರ ಕಾವಲಲ್ಲಿ ಹೀರುಕೊಳವೆಯಿಂದ ಗಂಜಿ ಕುಡಿಯುತ್ತಾ ಮಲಗಿದ.

ಶನಿವಾರ ಬೆಳಿಗ್ಗೆ ಕಟ್ಲೆಹಾಂಗಿನಲ್ಲಿ ಝ್ವೆಲಿಯ ಮಣ್ಣು. ಅಲ್ಲಿ ಗುಂಡಿ ಮುಚ್ಚುವುದು ಬಾಡಿಗೆ ಆಳುಗಳಲ್ಲ, ಮನೆಯ ಗಂಡಸರೇ ಸರದಿಯ ಮೇಲೆ ಸನಿಕೆ ಹಿಡಿಯುತ್ತಾರೆ. ಸೋದರಮಾವನ ಸರದಿ ಮೊದಲು. ಎಲಿಯಾಸ್ ಸನಿಕೆಗೆ ಕೈ ಚಾಚಿದಾಗ ಕಂಬಳಿ ಹೊದ್ದು ಚಾಪೆಯ ಮೇಲೆ ಕುಳಿತಿದ್ದ ತಂಗಿ ತೊಕೋಝಿಲೆ ಎದ್ದು ಬಂದು ಸನಿಕೆಯ ಹಿಡಿಯನ್ನು ಹಿಡಿದಳು.

"ಅಣ್ಣಾ, ಒಂದ್ ಮಾತು ಕೇಳ್ತೀನಿ. ನಿಜ ಹೇಳು. ನನ್ನ ಮಗ ಎಳೆದ್ನಾ, ಬಿಟ್ನಾ?"

"ಮೊದಲು ಎಳೆದ. ನಂದಿ ಅಂತ ಗೊತ್ತಾದ್ಮೇಲೆ ಬಿಟ್ಟ. ಬಿಟ್ಟಿದ್ದಕ್ಕೇ ಸತ್ತ."

"ಗೊತ್ತಾಗೋಕ್ ಮುಂಚೆ ಒಳಗೆ ಯಾರಿದಾರೆ ಅಂತ ಯಾಕೆ ನೋಡ್ಲಿಲ್ಲ ಅವನು? ನನ್ನ ಮಗ ಕಟುಕ ಅಲ್ಲ. ಕೋಳಿ ಕೊಯ್ಯೋಕೂ ಅಳ್ತಿದ್ದ. ನೋಡಬಾರ್ದು ಅಂತ ಅವನಿಗೆ ಕಲಿಸಿದ್ಯಾರು ಅಣ್ಣಾ?"

ಸುತ್ತ ಬಂಕಿನ ಚಾಲಕರೆಲ್ಲ ಟೋಪಿ ತೆಗೆದು ನಿಂತಿದ್ದರು. ಅವರೆಲ್ಲರಿಗೂ ಉತ್ತರ ಬಾಯಿಪಾಠವಾಗಿತ್ತು.

"ನಾನೇ ಕಲಿಸ್ದೆ," ಎಂದ ಎಲಿಯಾಸ್. "ಗಡಿಯಾರ ಹಿಡ್ಕೊಂಡು ಕಲಿಸ್ದೆ ತಂಗೀ."

ಅವಳು ಸನಿಕೆ ಬಿಟ್ಟಳು. ಹೋಗಿ ಚಾಪೆಯ ಮೇಲೆ ಕುಳಿತಳು. ಅವನು ಮೂರು ಬೆರಳಿನ ಕೈಯಲ್ಲಿ ಒಬ್ಬನೇ ಮಣ್ಣು ಎಳೆದ. ಬೇರೆಯವರಿಗೆ ಸರದಿ ಕೊಡಲಿಲ್ಲ. ಮುರಿದ ಪಕ್ಕೆಯ ನೋವಿಗೆ ಎರಡು ಸಲ ಕುಸಿದು ಮಂಡಿಯೂರಿದ, ಎದ್ದು ಮತ್ತೆ ಎಳೆದ.

ಸಂಜೆ ಆಸ್ಪತ್ರೆಗೆ ಹೋಗಿ ಮಗಳ ಮಂಚದ ತುದಿಯಲ್ಲಿ ಕುಳಿತ. ಉಗುರಲ್ಲಿನ್ನೂ ಮಣ್ಣಿತ್ತು.

"ಕೊಡೋಣ ಮಗಳೇ. ಆ ಕಂಪನಿ ಕೇಳಿದಷ್ಟು ಕೊಡೋಣ."

"ಲಾರಿ ಮಾರಬೇಕಾಗ್ಬಹುದು ಬಾಬಾ."

"ಮಾರೋಣ."

"ಲಾರಿ ಇಲ್ದೆ, ಮೇಲೆ ಹೆಸರು ಇಟ್ಕೊಂಡು ಏನ್ ಮಾಡ್ತೀರ?"

"ನನ್ನ ಹೆಸರು ಹಿಡಿದು ಕರೆದೋರ ಹತ್ರ ಅವನು ಹೋಗದ ಹಂಗೆ ಮಾಡ್ತೀನಿ. ಅಷ್ಟು ಸಾಕು. ಬರಕೋ."

ಅವಳು ಫೋನ್ ತೆಗೆದುಕೊಂಡಳು. ಅವನು ಹೇಳಿದ, ಅವಳು ಬರೆದಳು: "ಇದು ಎಲಿಯಾಸ್ ಮಬಿಜೇಲ. ಒಳಗೆ ಯಾರಾದರೂ ಇದ್ದರೆ ಯಾವ ಲಾರಿಗೂ ಎಳೆಯಲು ಬಿಡಬೇಡಿ, ನನಗೂ ಬಿಡಬೇಡಿ. ಮೊದಲು ಆಂಬುಲೆನ್ಸ್ ಕರೆಯಿರಿ." ಅದರ ಕೆಳಗೆ ಆಂಬುಲೆನ್ಸಿನ ನಂಬರು.

ಲಾರಿ ಆ ತಿಂಗಳೇ ಹೋಯಿತು. ಕೊಂಡವನು ಬಾಗಿಲ ಮೇಲಿನ ಕೆಂಪಕ್ಷರ ಉಜ್ಜಿ ಅಳಿಸಿದ. ಎಲಿಯಾಸ್ ಈಗ ಅದೇ ಬಂಕಿನಲ್ಲಿ ಗಾಡಿಗಳಿಗೆ ಗಾಳಿ ತುಂಬುತ್ತಾನೆ. ತ್ಲಾಡಿ ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ, ದವಡೆ ಸೊಟ್ಟಗಾಗಿದೆ, ಲಾರಿ ಹದಿಮೂರಾಗಿವೆ. ಎಲಿಯಾಸ್ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ತನ್ನ ಹೆಸರು ಒತ್ತಿ ನೋಡುತ್ತಾನೆ. ಕೆಲವು ದಿನ ಅವನ ಸಾಲು ಮೇಲಿರುತ್ತದೆ. ಕೆಲವು ದಿನ ತ್ಲಾಡಿ ಜಾಸ್ತಿ ಕೊಟ್ಟಿರುತ್ತಾನೆ.